ಬೋರ್ಡು ನೆಟ್ಟ ಜಾಗ

ಒಂದು ಕಾಲಕ್ಕೆ ಕಡಲಾಮೆಯ ಮೊಟ್ಟೆ ಕದ್ದು ಮಾರುತ್ತಿದ್ದ ಜಟ್ಟಿಯನ್ನೇ ಫಾರೆಸ್ಟ್ ಗಾರ್ಡು ಮೊಟ್ಟೆ ಕಾಯಲು ನೇಮಿಸಿಕೊಂಡಾಗ ಇಡೀ ಕೇರಿ ಬಿದ್ದು ಬಿದ್ದು ನಕ್ಕಿತ್ತು. ಗಾರ್ಡು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಜಟ್ಟಿ ಬೆರಳು ಮಾಡಿ ತೋರಿಸಿದ ಜಾಗಕ್ಕೆ ಹಳೇ ಬಲೆಯ ಬೇಲಿ ಕಟ್ಟಿ, 'ಆಮೆ ಮೊಟ್ಟೆಗಳಿವೆ, ಮುಟ್ಟಬೇಡಿ' ಎಂದು ಬೋರ್ಡು ನೆಟ್ಟ.

ಮೂರನೆಯ ದಿನ ಬೆಳಿಗ್ಗೆ ಬಂದು ನೋಡಿದರೆ ಬೇಲಿ ಕಿತ್ತುಹೋಗಿತ್ತು. ಒಳಗೆ ಮೊಣಕಾಲುದ್ದದ ಗುಂಡಿ. ಹತ್ತು ಮಾರು ಆಚೆ ಜಟ್ಟಿ ಆರಾಮಾಗಿ ಎಲೆಯಡಿಕೆ ಜಗಿಯುತ್ತ ನಿಂತಿದ್ದ.

ಗಾರ್ಡು ಅವನ ಬಳಿಗೆ ಓಡಿದ. "ನೂರು ಮೊಟ್ಟೆ ಹೋಯ್ತಲ್ಲ ಜಟ್ಟಣ್ಣ! ನಿನ್ನ ನಂಬಿ ಕೆಟ್ಟೆ ನಾನು!" ಎನ್ನುತ್ತ ಅವನ ಪಕ್ಕದಲ್ಲೇ ಮರಳಿನ ಮೇಲೆ ಕುಸಿದು ಕುಳಿತ.

"ಬೋರ್ಡು ಕಂಡ್ರೆ ನಾನೂ ಅಲ್ಲೇ ಅಗೀತಿದ್ದೆ ಮಾರಾಯ್ರೆ. ಹುಡುಕೋ ಕೆಲ್ಸವೇ ತಪ್ತಿತ್ತು."

"ನಗಬೇಡ! ಮೇಲಿನ ಸಾಹೇಬ್ರಿಗೆ ಎಂತ ಅಂತ ಬರೀಲಿ?"

ಜಟ್ಟಿ ಬಗ್ಗಿ ಅವನ ರಟ್ಟೆ ಹಿಡಿದ.

"ಅದ್ನ ಆಮೇಲೆ ಬರೀರಿ. ಮೊದ್ಲು ಮೆಲ್ಲಗೆ ಏಳಿ, ಮೊಟ್ಟೆ ಇರೋದು ನೀವು ಕೂತಲ್ಲೇ."