ನಲವತ್ತಮೂರು ಸಂಜೆಗಳು

ಸಹಿ ಹಾಕುವುದು ಬಿಟ್ಟು ಆಕೆ ಪಟ್ಟಿಯಲ್ಲಿದ್ದ ದಿನಾಂಕಗಳನ್ನು ಒಂದೊಂದಾಗಿ ಓದತೊಡಗಿದಾಗಲೇ ಚುಕ್ಕಿ ಮಾಮನಿಗೆ ತನ್ನ ತಪ್ಪು ಹೊಳೆಯಿತು. ಯಾರೂ ಕೇಳದಿದ್ದರೂ ಆ ಪಟ್ಟಿಯನ್ನು ಹೇಳಿಕೆಯ ಜೊತೆ ಪಿನ್ನು ಹಾಕಿ ತಂದವನು ಅವನೇ. ಆಧಾರ ಗಟ್ಟಿಯಾಗಿರಲಿ ಎಂಬ ಅತಿಬುದ್ಧಿ.

ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಪುಸ್ತಕ ಅಚ್ಚು ಹಾಕುವವನಾದ್ದರಿಂದ ಮಕ್ಕಳು ಇಟ್ಟ ಹೆಸರು ಚುಕ್ಕಿ ಮಾಮ. ಪಾಠಗಳನ್ನು ಉಬ್ಬುಚುಕ್ಕಿಗಳಾಗಿ ಮಾಡುವ ಸಾಫ್ಟ್‌ವೇರ್ ಒಂದನ್ನು ಹತ್ತು ವರ್ಷದಿಂದ ಕಟ್ಟುತ್ತಾ ಬಂದು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಎಂಬ ಮುಕ್ತ ಲೈಸೆನ್ಸ್ ಹಚ್ಚಿ ಅಂತರಜಾಲದ ತಾಣವೊಂದರಲ್ಲಿ ಇಟ್ಟಿದ್ದ. ಹನ್ನೊಂದು ಶಾಲೆಗಳು ಅದನ್ನೇ ನೆಚ್ಚಿದ್ದವು. ಅದರ ಗಣಿತದ ಭಾಗವನ್ನು ಪೂರ್ತಿ ಬರೆದುಕೊಟ್ಟವರು ಈಕೆಯ ಗಂಡ. ಇಬ್ಬರೂ ಮುಖ ನೋಡಿದವರಲ್ಲ, ಇಮೇಲಿನಲ್ಲೇ ಸ್ನೇಹ.

ಅವರು ತೀರಿಕೊಂಡು ವರ್ಷವಾದ ಮೇಲೆ ಅವರು ದುಡಿಯುತ್ತಿದ್ದ ಕಂಪನಿಗೆ ಎಚ್ಚರವಾಯಿತು. ಪ್ರತಿ ತಿದ್ದುಪಡಿಯ ಮೇಲೂ ನಮ್ಮ ಆಫೀಸಿನ ಇಮೇಲ್ ವಿಳಾಸವಿದೆ, ನಮ್ಮಲ್ಲಿ ಕೂತು ಬರೆದದ್ದು ನಮ್ಮ ಸೊತ್ತು, ಅದಕ್ಕೆ ಲೈಸೆನ್ಸ್ ಕೊಡಲು ನೀವು ಯಾರು ಎಂದಿತು. ಪುಣ್ಯಾತ್ಮರು ಮನೆಯ ಕಂಪ್ಯೂಟರಿನಲ್ಲಿ ಆ ವಿಳಾಸ ಬದಲಿಸಲು ಮರೆತಿರಬೇಕು ಎಂದುಕೊಂಡ ಚುಕ್ಕಿ ಮಾಮ. ತಿದ್ದುಪಡಿಗಳೆಲ್ಲ ಬರುತ್ತಿದ್ದದ್ದು ಸಂಜೆಯ ಮೇಲೆ, ಇಲ್ಲವೇ ಭಾನುವಾರ. ಅವನು ತಂದ ಪಟ್ಟಿಯಲ್ಲಿದ್ದದ್ದು ಆ ದಿನಾಂಕಗಳೇ. ದೂರು ಹೋದ ಮರುದಿನವೇ ತಾಣದವರು ಸಾಫ್ಟ್‌ವೇರನ್ನು ಕಿತ್ತುಹಾಕಿದರು. ಇರುವ ಪ್ರತಿಯನ್ನು ಬಳಸಿದರೂ ಕೇಸು ಎಂಬ ನೋಟಿಸಿಗೆ ಹೆದರಿ ಮುಖ್ಯೋಪಾಧ್ಯಾಯರು ಅಚ್ಚಿನ ಕೋಣೆಗೆ ಬೀಗ ಜಡಿದರು. ಪರೀಕ್ಷೆಗೆ ಆರು ವಾರ. ಅರವತ್ತು ಮಕ್ಕಳಿಗೆ ಗಣಿತದ ಪುಸ್ತಕವಿಲ್ಲ. ‘ನನ್ನ ಪತಿ ಇದನ್ನು ಮನೆಯಲ್ಲಿ, ತಮ್ಮ ಬಿಡುವಿನ ವೇಳೆಯಲ್ಲಿ ಬರೆದರು’ ಎಂದು ಆಕೆ ಸಹಿ ಮಾಡಿಕೊಟ್ಟರೆ ಮಾತ್ರ ತಾಣದವರು ಮತ್ತೆ ಯೋಚಿಸುತ್ತಾರಂತೆ.

“ನಲವತ್ತಮೂರು ದಿನ,” ಎಂದಳು ಆಕೆ. ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಇದು ನಮ್ಮ ಹುಡುಗಿ ಮೆಟ್ಟಿಲಿಂದ ಬಿದ್ದು ಕೈ ಮುರ್ಕೊಂಡ ದಿನ. ಇವರಿಗೆ ಫೋನ್ ಮಾಡಿದ್ರೆ, ಆಫೀಸಲ್ಲಿ ತಲೆ ಹೋಗೋ ಕೆಲಸ ಇದೆ, ನೀನೇ ಕರ್ಕೊಂಡು ಹೋಗು ಅಂದ್ರು. ಇದು ನಮ್ಮಮ್ಮ ಹೋದ ಮಾರನೇ ದಿನ. ಇದು ಭಾನುವಾರ. ಇದೂ ಭಾನುವಾರ.”

ಕಿಟಕಿಯ ಪಕ್ಕ ಓದುತ್ತಾ ಕೂತಿದ್ದ ಹದಿನಾರರ ಮಗಳು ತಲೆ ಎತ್ತಲಿಲ್ಲ. ಚುಕ್ಕಿ ಮಾಮನಿಗೆ ಅದರಲ್ಲೊಂದು ಭಾನುವಾರ ಚೆನ್ನಾಗಿ ನೆನಪಿತ್ತು. ಭಿನ್ನರಾಶಿ ಕೊನೆಗೂ ಸರಿಯಾಗಿ ಮೂಡಿತೆಂದು ಅತ್ತ ಅವರು, ಇತ್ತ ಇವನು ಹಿಗ್ಗಿ ಹೀರೇಕಾಯಿಯಾಗಿದ್ದರು. ಈಗ ಅದನ್ನು ನೆನೆದರೆ ನಾಚಿಕೆಯಾಯಿತು.

“ಅಕ್ಕಾ, ಒಳ್ಳೇ ಕೆಲಸಕ್ಕೇ ಅವರು…”

“ಒಳ್ಳೇದೇ ಇರ್ಬೇಕು. ನಮಗೆ ಹೇಳ್ಲಿಲ್ಲ, ಅಷ್ಟೇ. ನೀವೇ ಬೇರೆ ಬರ್ಕೊಳ್ಳೋಕೆ ಆಗಲ್ವಾ?”

“ನಾನು ಅವರು ಬರೆದಿದ್ದನ್ನ ನೋಡ್ಬಿಟ್ಟಿದೀನಿ. ನೋಡಿದೋನು ಹೊಸದಾಗಿ ಬರೆದ್ರೂ ಕದ್ದಿದ್ದು ಅಂತಾರೆ. ನೋಡದೇ ಇರೋರು ಯಾರಾದ್ರೂ ಮೊದಲಿಂದ ಶುರು ಮಾಡ್ಬೇಕು, ಎರಡು ವರ್ಷ ಹಿಡಿಯುತ್ತೆ. ನೀವೊಂದು ಸಹಿ ಹಾಕಿದ್ರೆ…”

ಆಕೆ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. “ಸೋಮವಾರ ಕಂಪನಿಯೋರು ಬಂದಿದ್ರು. ಇದೇ ಪಟ್ಟಿ ಹಿಡ್ಕೊಂಡು, ಈ ಹೊತ್ತಲ್ಲೆಲ್ಲ ನಿಮ್ಮ ಯಜಮಾನರು ಎಲ್ಲಿದ್ರು ಅಂತ ಕೇಳಿದ್ರು. ಆಫೀಸಲ್ಲಿ, ಆಫೀಸ್ ಕೆಲಸದಲ್ಲಿ ಅಂದೆ. ಬರ್ಕೊಂಡು ಸಹಿ ಹಾಕಿ ಅಂದ್ರು. ಹಾಕ್ದೆ.”

“ಹಾಕ್ಬಿಟ್ರಾ ಅಕ್ಕಾ?”

“ಮದುವೆ ಆದಾಗಿಂದ ನಾನು ಅದನ್ನೇ ನಂಬಿ ಬದುಕಿದೀನಿ. ಆಫೀಸು ಬಿಡಲ್ಲ, ಪಾಪ, ಇವರಾದ್ರೂ ಏನು ಮಾಡ್ತಾರೆ ಅಂತ.” ಆಕೆಯ ಧ್ವನಿ ಏರಲಿಲ್ಲ. “ಆಫೀಸು ಇಟ್ಕೊಂಡಿರಲಿಲ್ಲ, ಅವರ ಖುಷಿಗೇ ಅಲ್ಲಿ ಕೂತಿದ್ರು ಅಂತ ಇವತ್ತು ನೀವು ಹೇಳ್ತಿದೀರ. ಅದಕ್ಕೂ ನಾನೇ ಸಹಿ ಹಾಕ್ಬೇಕು.”

ಕಂಪನಿಯ ಕೈಯಲ್ಲಿರುವ ಸಹಿಯ ಮುಂದೆ ಚುಕ್ಕಿ ಮಾಮ ತಂದ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಎಲ್ಲ ಮುಗಿದಿತ್ತು. ಪುಸ್ತಕ ಯಾವಾಗ ಬರುತ್ತೆ ಮಾಮ ಎಂದು ದಿನಾ ಕೇಳುವ ಅರವತ್ತು ಮಕ್ಕಳಿಗೆ ನಾಳೆ ಏನೆಂದು ಹೇಳಲಿ ಎಂದುಕೊಂಡ. “ಬರ್ತೀನಕ್ಕಾ,” ಎಂದು ಎದ್ದು ಕಾಗದಕ್ಕೆ ಕೈ ಚಾಚಿದ.

ಅದರ ಇನ್ನೊಂದು ತುದಿಯನ್ನು ಮಗಳು ಹಿಡಿದುಕೊಂಡಿದ್ದಳು. ಯಾವಾಗ ಎದ್ದು ಬಂದಳೋ ಇಬ್ಬರಿಗೂ ತಿಳಿಯಲಿಲ್ಲ.

“ಅಮ್ಮ, ಇದಕ್ಕೂ ಸಹಿ ಹಾಕು,” ಎಂದಳು. “ಇವರಿಗೆ ಇನ್ನು ಉಪಯೋಗಕ್ಕೆ ಬರಲ್ಲ, ನನ್ನ ಹತ್ರ ಇಟ್ಕೋತೀನಿ. ಅಪ್ಪ ಮನೇಲಿದ್ರು ಅಂತ ಒಂದು ಕಾಗದದಲ್ಲಾದ್ರೂ ಇರ್ಲಿ.”