ಆಟಗಾರ ಒಂದು

ಕಾಲೇಜಿನ ದಿನಗಳಲ್ಲಿ ಕಂಪ್ಯೂಟರಿಗೆಂದು ತಾನೇ ಬರೆದಿದ್ದ ಚೌಕಾಬಾರ ಆಟವನ್ನು ಇಪ್ಪತ್ತು ವರ್ಷಗಳ ನಂತರ ಅಣ್ಣ ಮತ್ತೆ ತೆರೆದು ತಿದ್ದುತ್ತಿದ್ದ. ಹಿಂದೆ ನಿಂತು ನೋಡುತ್ತಿದ್ದ ತಂಗಿ ಪರದೆಯ ಮೇಲಿನ ಪ್ರೋಗ್ರಾಮಿನ ಒಂದು ಸಾಲಿಗೆ ಬೆರಳಿಟ್ಟಳು.

"'ಆಟಗಾರ 1ಕ್ಕೆ ಒಳ್ಳೇ ಗರ ಬೀಳಲಿ.' ಏನೋ ಇದು?"

ಅಣ್ಣ ಆ ಸಾಲು ನೋಡಿ ನಕ್ಕ.

"ಥೂ, ಮೋಸಗಾರ! ದೊಡ್ಡವನು ಅಂತ ಯಾವಾಗ್ಲೂ ಮೊದಲು ಆಡ್ತಿದ್ದೋನು ನೀನು. ಸೋತೋರು ಪಾತ್ರೆ ತೊಳೀಬೇಕು ಅಂದೋನೂ ನೀನೇ. ಮೂರು ವರ್ಷ ಇದ್ರಲ್ಲಿ ಒಂದು ಆಟನೂ ಗೆಲ್ಲಲಿಲ್ಲ ನಾನು! ಬಾಣಲೆ ಉಜ್ಜಿ ಉಜ್ಜಿ ಉಗುರೆಲ್ಲ ಸವೆದುಹೋಗಿತ್ತು!"

"ಬೈದು ಮುಗೀತಾ?"

"ಇಲ್ಲ!"

"ಕಂಪ್ಯೂಟರ್ ಸೊನ್ನೆಯಿಂದ ಎಣಿಸತ್ತೆ ಕಣೇ. ಮೊದಲು ಆಡ್ತಿದ್ದ ನಾನು ಸೊನ್ನೆ. ಒಂದು ಅಂದ್ರೆ ನೀನು."