ಜವರಪ್ಪನ ಉಸಿರು

ಬೆಳಿಗ್ಗೆ ಆರಕ್ಕೇ ಡೇರಿಯ ಮುಂದೆ ಸಾಲು. ಊರಿನಲ್ಲಿ ಹಸುಗಳು ಕಡಿಮೆಯಾದ ಮೇಲೆ ಡೇರಿಯವರು ಹಾಲಿನ ಬದಲು ಉಸಿರು ಕೊಳ್ಳುತ್ತಿದ್ದರು. ಮಲಗುವಾಗ ಮೂಗಿಗೆ ಕಟ್ಟಿಕೊಂಡ ಚೀಲ ತುಂಬಿದರೆ ಸಾಕು. ಅದರೊಳಗಿನ ಇಂಗಾಲದ ಡೈಆಕ್ಸೈಡನ್ನು ಸೋಸಿ, ಒತ್ತಿ, ಸಿಲಿಂಡರಿಗೆ ತುಂಬಿ ಸೋಡಾ ಕಾರ್ಖಾನೆಗೆ ಕಳಿಸುತ್ತಿದ್ದರು.

ಜವರಪ್ಪನಿಗೆ ಹಳೆಯ ಚಾಳಿ. ಹಾಲಿಗೆ ನೀರು ಬೆರೆಸುತ್ತಿದ್ದವನು ಈಗ ಸೈಕಲ್ ಪಂಪಿನಿಂದ ಚೀಲಕ್ಕೆ ಗಾಳಿ ಹೊಡೆಯುತ್ತಿದ್ದ. ಎರಡು ಸಲ ಸಿಕ್ಕಿಬಿದ್ದಿದ್ದ. ಮೂರನೆಯ ಸಲಕ್ಕೆ ಸದಸ್ಯತ್ವವೇ ರದ್ದು. ಅದಕ್ಕೇ ಈ ಸಲ ಪಂಪು ಮುಟ್ಟಿರಲಿಲ್ಲ.

ಪರೀಕ್ಷೆ ಮಾಡುವ ಸಾಕಮ್ಮ ಅವನ ಚೀಲದ ಬಾಯಿಗೆ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರು ಹಿಡಿದಳು. ಶೇಕಡಾ ನಾಲ್ಕರ ಹತ್ತಿರ ನಿಲ್ಲಬೇಕಾದ ಮುಳ್ಳು ನಲವತ್ತಕ್ಕೆ ಹಾರಿತು.

“ಇದೇನ್ ಮಾವ, ಇಷ್ಟ್ ಗಟ್ಟಿ? ಏನ್ ಬೆರ್ಸಿದ್ದೀಯ?”

“ನಮ್ಮವ್ವನಾಣೆ, ನನ್ ಉಸ್ರೇ ಕಣವ್ವ. ರಾತ್ರಿ ಮುದ್ದೆ ಒಂದ್ ಜಾಸ್ತಿ ಉಂಡಿದ್ದೆ.”

ಸಾಕಮ್ಮ ಚೀಲ ಮೂಸಿದಳು. ಘಮ್ಮೆನ್ನುವ ಶುಂಠಿ! ಅದೇ ಕಾರ್ಖಾನೆಯ ಶುಂಠಿ ಸೋಡಾ ಕುಲುಕಿ, ಅದರ ಗ್ಯಾಸನ್ನು ಚೀಲಕ್ಕೆ ತುಂಬಿಸಿದ್ದ. ಜವರಪ್ಪ ಬೆವರಿದ.

ಅವಳು ಪುಸ್ತಕದಲ್ಲಿ ‘ನಾಲ್ಕು’ ಎಂದು ಬರೆದು, ಅವನ ಕಿವಿಯ ಹತ್ತಿರ ಬಗ್ಗಿದಳು.

“ಶುಂಠಿದು ತರ್ಬ್ಯಾಡ ಮಾವ, ವಾಸ್ನೆ ಹೊಡೀತದೆ. ನನ್ ಚೀಲಕ್ಕೆ ನಾನ್ ಹಾಕೋದು ಸಾದಾ ಸೋಡಾನೇ.”